ಕಾಣದ ಫೈಲಿಗೆ ಹೆಸರಿಗಿಂತ ತಾರೀಖು ಮುಖ್ಯ

"ಸೇವ್ ಮಾಡಿದ್ದೆ ಸಾರ್, ಈಗ ಇಲ್ಲ." ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಈ ಫೋನ್ ಮಾಮೂಲಿ. ನಾನು ಕಂಡ ಮಟ್ಟಿಗೆ ಇಂಥ ಫೈಲುಗಳಲ್ಲಿ ನಿಜವಾಗಿ ಅಳಿಸಿಹೋಗಿರುವುದು ಕಮ್ಮಿ. ಡಿಸ್ಕ್‌ನಲ್ಲೇ ಎಲ್ಲೋ ಕೂತಿರುತ್ತದೆ. ಹೆಸರು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಅದಕ್ಕೇ ನಾನು ಕೇಳುವುದು ಎರಡೇ ಪ್ರಶ್ನೆ: ಯಾವತ್ತು ತಿದ್ದಿದಿರಿ? ಎಲ್ಲಿಂದ ತೆರೆದಿರಿ?

"ಮೇಲ್‌ನಿಂದ" ಅಂದರೆ ಅರ್ಧ ಕೆಲಸ ಮುಗಿಯಿತು. ಹಳೆ ಮಾದರಿಯ ಔಟ್‌ಲುಕ್‌ನಲ್ಲಿ ಬಂದ ಅಟ್ಯಾಚ್‌ಮೆಂಟನ್ನು ಅಲ್ಲೇ ತೆರೆದು, ತಿದ್ದಿ, ಸೇವ್ ಒತ್ತಿದರೆ ಅದು ಡಾಕ್ಯುಮೆಂಟ್ಸ್‌ಗೆ ಹೋಗುವುದಿಲ್ಲ. ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಆ್ಯಪ್‌ಡೇಟಾ, ಅದರಲ್ಲಿ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಐನೆಟ್‌ಕ್ಯಾಶ್, ಕಂಟೆಂಟ್ ಡಾಟ್ ಔಟ್‌ಲುಕ್. ಅದರೊಳಗೂ ಅರ್ಥವಿಲ್ಲದ ಅಕ್ಷರಗಳ ಇನ್ನೊಂದು ಫೋಲ್ಡರ್! ಇವೆಲ್ಲ ಮಾಮೂಲಿಯಾಗಿ ಕಣ್ಣಿಗೆ ಕಾಣದ ಫೋಲ್ಡರ್‌ಗಳು. ಇದು ತಾತ್ಕಾಲಿಕ ಜಾಗ, ಯಾವಾಗ ಬೇಕಾದರೂ ಖಾಲಿಯಾಗಬಹುದು. ಫೈಲ್ ಸಿಗುವ ತನಕ ಡಿಸ್ಕ್ ಕ್ಲೀನಪ್ ಓಡಿಸಬೇಡಿ.

"ಡೆಸ್ಕ್‌ಟಾಪ್‌ನಲ್ಲೇ ಇತ್ತು" ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಮೇಲೆ ನನ್ನ ಅನುಮಾನ. ಅದರ ಬ್ಯಾಕಪ್ ಆನ್ ಆದರೆ ಡೆಸ್ಕ್‌ಟಾಪ್ ಫೋಲ್ಡರೇ ಒನ್‌ಡ್ರೈವ್ ಒಳಗೆ ಹೋಗಿಬಿಡುತ್ತದೆ. ಹಳೆ ಜಾಗದಲ್ಲಿ ಎಷ್ಟು ಹುಡುಕಿದರೂ ಖಾಲಿ.

ಯಾವ ಸುಳಿವೂ ಇಲ್ಲದಿದ್ದರೆ ತಾರೀಖು ಹಿಡಿಯಿರಿ. ಎಕ್ಸ್‌ಪ್ಲೋರರ್‌ನಲ್ಲಿ ಸಿ ಡ್ರೈವ್ ತೆರೆದು, ಸರ್ಚ್ ಬಾಕ್ಸ್‌ನಲ್ಲಿ ಇಂಗ್ಲಿಷಿನಲ್ಲಿ 'ಡೇಟ್‌ಮಾಡಿಫೈಡ್' ಎಂದು ಸೇರಿಸಿ ಬರೆದು, ಕೋಲನ್ ಹಾಕಿ, 'ಟುಡೇ' ಎಂದೋ ಆ ದಿನದ ತಾರೀಖನ್ನೋ ಕೊಡಿ. ಮೌಸ್ ಜಾರಿ ಫೈಲು ಪಕ್ಕದ ಫೋಲ್ಡರ್‌ಗೆ ಬಿದ್ದಿದ್ದರೂ ಅದನ್ನು ತಿದ್ದಿದ ತಾರೀಖು ಬದಲಾಗಿರುವುದಿಲ್ಲ. ಫೈಲಿನ ಹೆಸರು ತಪ್ಪಾಗಿದ್ದರೂ ಪರವಾಗಿಲ್ಲ, ಸಿಗುತ್ತದೆ. ವಿಂಡೋಸ್‌ನ ಸರ್ಚ್ ನಿಧಾನ ಅನಿಸಿದರೆ 'ಎವೆರಿಥಿಂಗ್' ಎಂಬ ಉಚಿತ ತಂತ್ರಾಂಶವಿದೆ. ಅದು ಒಂದೊಂದೇ ಫೋಲ್ಡರ್ ಸುತ್ತುವುದಿಲ್ಲ, ಡಿಸ್ಕ್ ತಾನೇ ಬರೆದಿಟ್ಟುಕೊಂಡ ಫೈಲುಗಳ ಪಟ್ಟಿಯನ್ನು ಓದುತ್ತದೆ. ಹೀಗಾಗಿ ಲಕ್ಷಾಂತರ ಫೈಲಿದ್ದರೂ ಟೈಪ್ ಮಾಡುತ್ತಿದ್ದ ಹಾಗೇ ಉತ್ತರ ಬರುತ್ತದೆ. ನನ್ನ ಕೈಗೆ ಬಂದ ಪ್ರತಿ ಮೆಷಿನ್‌ಗೂ ಅದನ್ನು ಹಾಕಿಬಿಡುತ್ತೇನೆ.

ಕನ್ನಡದ ಕಡತಗಳದ್ದು ಬೇರೆಯೇ ಪಜೀತಿ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆ ಆವೃತ್ತಿಗಳಲ್ಲಿ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ ಪತ್ರದೊಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಇಲ್ಲ. ಇರುವುದೆಲ್ಲ ತಲೆ ಮೇಲೆ ಗೀಟು, ಚುಕ್ಕಿ ಇರುವ ರೋಮನ್ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ನೀವು ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಈಗಿನ ಪದ್ಧತಿಯಲ್ಲಿ, 'ಸುತ್ತೋಲೆ' ಎಂದು ಹುಡುಕಿದರೆ ಫೈಲ್ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಅಂಥ ಕಡೆ ತಾರೀಖು ಬಿಟ್ಟರೆ ಗತಿಯಿಲ್ಲ ಅಲ್ವಾ?

ಇಷ್ಟಾದರೂ ಸಿಗದಿದ್ದರೆ ಡಿಲೀಟ್ ಆಗಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲು ರೀಸೈಕಲ್ ಬಿನ್ ನೋಡಿ. ಆದರೆ ಪೆನ್‌ಡ್ರೈವ್‌ನಿಂದಲೋ ಆಫೀಸಿನ ಶೇರ್ಡ್ ಫೋಲ್ಡರ್‌ನಿಂದಲೋ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ. ಶೇರ್ಡ್ ಫೋಲ್ಡರ್‌ನದಾದರೆ ಸರ್ವರ್ ನೋಡಿಕೊಳ್ಳುವವರಿಗೆ ಕೂಡಲೇ ಹೇಳಿ, ಬ್ಯಾಕಪ್‌ನಲ್ಲಿ ಇರಬಹುದು. ನಿಮ್ಮದೇ ಹಾರ್ಡ್ ಡಿಸ್ಕ್ ಆದರೆ ಮೆಷಿನ್ ಆಫ್ ಮಾಡಿ. ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಿದರೆ ಹುಡುಕುತ್ತಿರುವ ಫೈಲಿನ ಮೇಲೇ ಅದು ಬರೆದುಬಿಡಬಹುದು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಬರೆದಿಡುವ ಡಿಸ್ಕ್) ಇದ್ದರೆ ಆಸೆ ಇನ್ನೂ ಕಮ್ಮಿ. ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ಕ್ರಮದಿಂದ ತಾನಾಗಿಯೇ ತೆರವು ಮಾಡಿಕೊಳ್ಳುತ್ತದೆ.