ರೆಕ್ಕೆಯ ತೂತಿಗಿಂತ ಹಿಡಿದಿಟ್ಟ ಹೊತ್ತೇ ಜಾಸ್ತಿ ನೋವು

ಬಾವಲಿಗಳ ಅಧ್ಯಯನಕ್ಕೆಂದು ಚಿತ್ರದುರ್ಗದ ಚಂದ್ರವಳ್ಳಿ ಕಡೆ ಬಲೆ ಕಟ್ಟುತ್ತಿದ್ದೆವು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜರೊಬ್ಬರು ನಿಂತು ಕೇಳಿದರು: "ಬಾವಲಿ ರೆಕ್ಕೆಗೆ ತೂತು ಹಾಕ್ತೀರಂತೆ, ಆಮೇಲೆ ಅದು ಹಾರೋದು ಹೆಂಗೆ?" ನ್ಯಾಯವಾದ ಪ್ರಶ್ನೆ, ಅಲ್ವಾ?

ಹಾರುತ್ತದೆ. ಡಿಎನ್‌ಎ ಪರೀಕ್ಷೆಗೆ ನಾವು ತೆಗೆಯುವುದು 2-3 ಮಿಲಿಮೀಟರ್ ಅಗಲದ ಚೂರು. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ರೆಕ್ಕೆಯ ಕೆಳಗಿಂದ ಟಾರ್ಚ್ ಹಿಡಿದರೆ ರಕ್ತನಾಳಗಳು ಎಲೆಯ ನರಗಳಂತೆ ಕಾಣುತ್ತವೆ. ಅವುಗಳ ನಡುವಿನ ಖಾಲಿ ಜಾಗಕ್ಕೆ ಪಂಚ್, ಅಂದರೆ ತೂತು ಹಾಕುವ ಸಲಕರಣೆ, ಒತ್ತಬೇಕು. ಚೂರು ಆಲ್ಕೋಹಾಲ್ ಸೀಸೆಗೆ ಹೋಗುತ್ತದೆ. ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ಹಿಂದೆಲ್ಲ ಜಾತಿ ಗುರುತಿಸಲು ಬಾವಲಿಯನ್ನೇ ಕೊಂದು ಮ್ಯೂಸಿಯಂಗೆ ಸೇರಿಸುತ್ತಿದ್ದರು.

"ಹಿಕ್ಕೆ ಸಾಲದಾ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಯಾವ ಜಾತಿ ಎಂದು ತಿಳಿಯಲು ಎಷ್ಟೋ ಸಲ ಸಾಕು. ಸಂಜೆ ಗುಹೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಬೆಳಿಗ್ಗೆ ತಾಜಾ ಹಿಕ್ಕೆ ಆರಿಸಿಕೊಂಡರಾಯಿತು. ಆದರೆ ಅದರಲ್ಲಿನ ಡಿಎನ್‌ಎ ಬೇಗ ಕೆಡುತ್ತದೆ, ಹತ್ತಾರು ಬಾವಲಿಗಳದ್ದು ಬೆರೆತೂ ಇರುತ್ತದೆ. ಯಾವ ಗುಹೆಯ ಬಾವಲಿಗೆ ಯಾವ ಗುಹೆಯದು ನೆಂಟ ಎಂದು ತಿಳಿಯಬೇಕಾದರೆ ರೆಕ್ಕೆಯ ಚೂರೇ ಒಳ್ಳೆಯದು. ಕೋಲಾರದ ಹನುಮನಹಳ್ಳಿಯಲ್ಲಿ ಮಾತ್ರ ಸಿಗುವ ಎಲೆಮೂಗಿನ ಬಾವಲಿಯಂಥ ಜಾತಿಗೆ ಈ ನೆಂಟಸ್ತನದ ಲೆಕ್ಕ ತುಂಬಾ ಬೇಕು.

ನನ್ನ ಚಿಂತೆ ತೂತಿನದ್ದಲ್ಲ, ಹೊತ್ತಿನದ್ದು. ಗೂಡಿನಿಂದ ಆಗಷ್ಟೇ ಹೊರಟ ಬಾವಲಿಯ ಹೊಟ್ಟೆ ಖಾಲಿ. ಸಣ್ಣ ಜಾತಿಗಳು ಐದಾರು ಗ್ರಾಂ ತೂಗಿದರೆ ಹೆಚ್ಚು. ಬಲೆಯಲ್ಲಿ ಒದ್ದಾಡಿದಷ್ಟೂ ಸೊರಗುತ್ತವೆ. ಮೊದಲ ವರ್ಷ ನಾನೊಬ್ಬನೇ ಎರಡು ಬಲೆ ಕಟ್ಟಿದ್ದೆ. ಎರಡನೆಯದರ ಹತ್ತಿರ ಹೋಗುವುದು ತಡವಾಯಿತು. ಒಂದು ಬಾವಲಿ ಎಷ್ಟು ಸುತ್ತಿಕೊಂಡಿತ್ತೆಂದರೆ ಬಲೆಯನ್ನೇ ಕತ್ತರಿಸಬೇಕಾಯಿತು. ಈಗ ಬಲೆಗೆ ಇಬ್ಬರು, ಪಕ್ಕದಲ್ಲೇ ನಿಲ್ಲಬೇಕು. ಹಿಡಿದ ಒಂದೊಂದು ಬಾವಲಿಗೂ ಬೇರೆ ಬಟ್ಟೆ ಚೀಲ. ಬಸುರಿ, ಮೊಲೆಯೂಡಿಸುವ ತಾಯಿ ಸಿಕ್ಕರೆ ಆ ಕ್ಷಣವೇ ಬಿಡುತ್ತೇವೆ, ಮಾದರಿ ತೆಗೆಯುವುದಿಲ್ಲ. ಮರಿಗಳಿರುವ ಗುಹೆಯ ಒಳಗಂತೂ ಕಾಲಿಡುವುದೇ ಇಲ್ಲ. ಗಾಬರಿಯಾದರೆ ಮರಿಗಳು ಕೆಳಗೆ ಬೀಳುತ್ತವೆ.

ಬರಿಗೈಯಲ್ಲಿ ಹಿಡಿಯಬೇಡಿ. ನಮ್ಮ ತಂಡದವರೆಲ್ಲ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಪಂಚನ್ನೂ ಶುಚಿ ಮಾಡುತ್ತೇವೆ. ಇಲ್ಲದಿದ್ದರೆ ಸೋಂಕೂ ದಾಟುತ್ತದೆ, ಡಿಎನ್‌ಎಯೂ ಬೆರೆಯುತ್ತದೆ.

ಇನ್ನು ಕಾಗದಪತ್ರ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಪೀಡೆಪ್ರಾಣಿಗಳ ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿ ಹೋಗಿದ್ದು 2022ರ ತಿದ್ದುಪಡಿಯಲ್ಲಿ. ಈಗ ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ನಾವು ಬಲೆ ಕಟ್ಟುವುದು. ಕೋಟೆಯ ಒಳಗಾದರೆ ಪುರಾತತ್ವ ಇಲಾಖೆಯನ್ನೂ ಕೇಳಬೇಕು.