ಪಾತ್ರೆಯ ಮೇಲಿನ ಗೆರೆ: ಸೇವಾ ಸಂಸ್ಥೆಯೊಂದು ಹೊಸ ಸೀಮೆಗೆ ಹೋದ ಬಗೆ

ಬಾಂಗ್ಲಾದೇಶದ ಈಶಾನ್ಯದಲ್ಲಿರುವ ಸುಲ್ಲಾ ತಗ್ಗು ಸೀಮೆ. ಮಳೆಗಾಲ ಬಂತೆಂದರೆ ಸುತ್ತಲೂ ನೀರು, ಊರುಗಳೆಲ್ಲ ದ್ವೀಪ. 1971ರ ಯುದ್ಧ ಮುಗಿದು ನಿರಾಶ್ರಿತರು ಭಾರತದಿಂದ ಮರಳುತ್ತಿದ್ದಾಗ, 1972ರ ಆರಂಭದಲ್ಲಿ ಫಜ್ಲೆ ಹಸನ್ ಅಬೇದ್ ಆ ನಿರಾಶ್ರಿತರಿಗೆ ಮನೆ ಕಟ್ಟಿಕೊಡಲು ಇಲ್ಲಿಗೆ ಬಂದರು. ಶೆಲ್ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರು ಲಂಡನ್ನಿನ ತಮ್ಮ ಫ್ಲ್ಯಾಟ್ ಮಾರಿ ಬಂದ ಹಣವನ್ನು ಇದಕ್ಕೆ ಹಾಕಿದರು. ಹಾಗೆ ಹುಟ್ಟಿದ ಬ್ರ್ಯಾಕ್ ಎಂಬ ಸೇವಾ ಸಂಸ್ಥೆ ಇಂದು ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಒಂದು ಸೀಮೆಯಿಂದ ಇನ್ನೊಂದಕ್ಕೆ ದಾಟುವಾಗ ಅದು ಎಡವಿದ ಜಾಗಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಳೆಯ ಜಾಗದಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನಿಜವೆಂದೇ ನಂಬಿದ್ದ ಊಹೆ ಹೊಸ ಜಾಗದಲ್ಲಿ ಸುಳ್ಳಾಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಸುಲ್ಲಾದಲ್ಲೇ. ಮನೆಗಳೆದ್ದ ಮೇಲೆ ಸಂಸ್ಥೆ ಪರಿಹಾರದಿಂದ ಅಭಿವೃದ್ಧಿಯ ಕಡೆಗೆ ಹೊರಳಿ ವಯಸ್ಕರ ಶಿಕ್ಷಣ, ಕೃಷಿ, ಆರೋಗ್ಯ ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಂಡಿತು. ಅಕ್ಷರ ಕಲಿಯಲು ಬಂದವರು ಕೆಲವೇ ತಿಂಗಳಲ್ಲಿ ಕರಗಿದರು. ಪಾಠಕ್ಕೂ ಅವರ ಬದುಕಿಗೂ ಸಂಬಂಧವೇ ಇರಲಿಲ್ಲ. ಊರೆಂದರೆ ಒಂದೇ ಮನಸ್ಸಿನ ಸಮುದಾಯ ಎಂಬ ನಂಬಿಕೆಯೂ ಉಳಿಯಲಿಲ್ಲ. ಊರಿಗೆಂದು ಬಂದದ್ದು ಮೊದಲು ಉಳ್ಳವರ ಕೈ ಸೇರುತ್ತಿತ್ತು. ಹಾಗಾಗಿ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಬ್ರ್ಯಾಕ್ ಇಡೀ ಊರಿನ ಬದಲು ಭೂಹೀನರನ್ನೇ ಗುರಿಯಾಗಿಟ್ಟುಕೊಂಡಿತು. ಮುಂದೆ ಇದಕ್ಕೊಂದು ಅಳತೆಯೂ ಬಂತು: ಅರ್ಧ ಎಕರೆಗಿಂತ ಕಡಿಮೆ ಜಮೀನು, ಮನೆಯವರೊಬ್ಬರಾದರೂ ವರ್ಷಕ್ಕೆ ಕನಿಷ್ಠ 100 ದಿನ ಕೂಲಿಗೆ ಹೋಗುವ ಕುಟುಂಬ. ಅದಕ್ಕೂ ಮೊದಲೇ, 1975ರಲ್ಲಿ, ತನ್ನ ಕೆಲಸವನ್ನು ತಾನೇ ತನಿಖೆ ಮಾಡಲು ಸಂಸ್ಥೆ ಒಂದು ಸಂಶೋಧನಾ ವಿಭಾಗ ತೆರೆದಿತ್ತು. ಮುಂದಿನ ವಿಸ್ತರಣೆಯನ್ನು ಕಾಪಾಡಿದ್ದು ಈ ವಿಭಾಗ ಎಂದರೆ ತಪ್ಪಾಗದು.

ಆ ವಿಸ್ತರಣೆಗೆ ಕಾರಣವಾದದ್ದು ಮಕ್ಕಳ ಭೇದಿ. ಉಪ್ಪು-ಸಕ್ಕರೆಯ ದ್ರಾವಣ ಕುಡಿಸಿದರೆ ಕಾಲರಾ ರೋಗಿಯೂ ಉಳಿಯುತ್ತಾನೆಂದು ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯ 1968ರಲ್ಲೇ ತೋರಿಸಿತ್ತು. ಕರುಳಿನಲ್ಲಿ ಗ್ಲುಕೋಸ್ ಇದ್ದರೆ ಅದರೊಂದಿಗೆ ಸೋಡಿಯಂ ಒಳಗೆ ಹೋಗುತ್ತದೆ, ಸೋಡಿಯಂ ಹಿಂದೆ ನೀರೂ ಹೋಗುತ್ತದೆ. ಆದರೆ ಪುಡಿಯ ಪೊಟ್ಟಣಗಳನ್ನು ಹಳ್ಳಿಹಳ್ಳಿಗೂ ಮುಟ್ಟಿಸುವ ದಾರಿ ಇರಲಿಲ್ಲ. ಹಾಗಾಗಿ 1979ರಲ್ಲಿ ಸುಲ್ಲಾದಲ್ಲಿ ಬೇರೆ ಪ್ರಯೋಗ ಶುರುವಾಯಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಇಷ್ಟನ್ನು ತಾಯಿಗೆ ಅವಳ ಮನೆಯಲ್ಲೇ ಕಲಿಸುವುದು.

ಕೇಳಲು ಸುಲಭ, ಅಳತೆಯಲ್ಲೇ ಕಷ್ಟ. ನೀರು ಕಡಿಮೆಯಾಗಿ ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಮಿದುಳಿಗೇ ಅಪಾಯ. ಉಪ್ಪು ತೀರಾ ಕಡಿಮೆಯಾದರೆ ಕುಡಿಸಿದ್ದು ಉಪಯೋಗಕ್ಕೆ ಬಾರದು. ಚಿಟಿಕೆ ಎಂದರೆ ಬೆರಳಿನ ಮೊದಲ ಗೆರೆಯವರೆಗೆ ಎಂದು ತೋರಿಸಿಕೊಟ್ಟರು. ನೀರಿನದು ಇನ್ನೂ ತೊಡಕು, ಏಕೆಂದರೆ ಒಂದೊಂದು ಮನೆಯ ಪಾತ್ರೆ ಒಂದೊಂದು ಗಾತ್ರ. ಅದಕ್ಕೆ ಕಾರ್ಯಕರ್ತೆಯೇ ಅರ್ಧ ಸೇರು ಅಳೆದು ಆ ಮನೆಯ ಪಾತ್ರೆಯಲ್ಲಿ ಸುರಿದು, ನೀರು ನಿಂತ ಮಟ್ಟಕ್ಕೆ ಅಳಿಸಿಹೋಗದ ಗೆರೆ ಎಳೆಯುತ್ತಿದ್ದಳು. ಹೊಸದಾಗಿ ಅಳತೆಯ ಲೋಟ ಹಂಚಿದ್ದರೆ ಅದು ಒಡೆಯುತ್ತಿತ್ತು, ಕಳೆಯುತ್ತಿತ್ತು. ಗೆರೆಯಾದರೆ ಮನೆಯ ಪಾತ್ರೆಯ ಜೊತೆಗೇ ಉಳಿಯುತ್ತದೆ.

1980ರಲ್ಲಿ ಈ ಪಾಠ ಸುಲ್ಲಾ ದಾಟಿ ಜಿಲ್ಲೆಯಿಂದ ಜಿಲ್ಲೆಗೆ ಹೊರಟಿತು. ಕಾರ್ಯಕರ್ತೆ ದಿನಕ್ಕೆ ಸುಮಾರು ಹತ್ತು ಮನೆಗಳಿಗೆ ಹೋಗಿ ಒಬ್ಬೊಬ್ಬ ತಾಯಿಯನ್ನೂ ಕೂರಿಸಿ ಕಲಿಸಬೇಕು. ಹೇಳಬೇಕಾದ ಅಂಶಗಳು ಮೊದಲು ಹತ್ತಿದ್ದವು. ಆಮೇಲೆ ಏಳಕ್ಕೆ ಇಳಿಸಿದರು. ಎಷ್ಟು ಮನೆಗೆ ಹೋದೆ ಎಂಬ ಲೆಕ್ಕದ ಮೇಲೆ ಸಂಬಳ ಕೊಟ್ಟರೆ ಮನೆಗಳ ಸಂಖ್ಯೆಯಷ್ಟೇ ಏರುತ್ತದೆ. ಹಾಗಾಗಿ ಕೆಲವು ವಾರಗಳ ನಂತರ ಇನ್ನೊಬ್ಬ ತಪಾಸಕಿ ಕೆಲವು ಮನೆಗಳನ್ನು ಆಯ್ದುಕೊಂಡು ಹೋಗುತ್ತಿದ್ದಳು. ತಾಯಿಗೆ ಎಷ್ಟು ನೆನಪಿದೆ ಎಂದು ಕೇಳಿ, ದ್ರಾವಣವನ್ನು ಅವಳಿಂದಲೇ ಮಾಡಿಸಿ, ಮಾದರಿಯನ್ನು ಪರೀಕ್ಷೆಗೆ ಒಯ್ಯುತ್ತಿದ್ದಳು. ತಾಯಂದಿರಿಗೆ ನಾಲ್ಕು ದರ್ಜೆ. ಮೇಲಿನ ದರ್ಜೆಗೆ ಕಾರ್ಯಕರ್ತೆಗೆ ಪೂರ್ತಿ ಹಣ, ಕೊನೆಯ ದರ್ಜೆಗೆ ಏನೂ ಇಲ್ಲ.

ಕಲಿಕೆಯ ಅಂಕಗಳು ಚೆನ್ನಾಗಿ ಬಂದವು, ಬಳಕೆ ಮಾತ್ರ ಏರಲಿಲ್ಲ. ಮಗುವಿಗೆ ಭೇದಿಯಾದಾಗ ದ್ರಾವಣ ಮಾಡಿ ಕುಡಿಸಿದ ಮನೆಗಳು ತೀರಾ ಕಡಿಮೆ. ಇಂಥ ಹೊತ್ತಲ್ಲಿ ಕೆಲಸ ಸುಳ್ಳಾಯಿತೆಂದು ಕೈಬಿಡುವುದು ಅಥವಾ ಅಂಕಗಳನ್ನಷ್ಟೇ ದಾನಿಗಳಿಗೆ ತೋರಿಸುವುದು ಸುಲಭ. ಬ್ರ್ಯಾಕ್ ಕಾರಣ ಹುಡುಕಿತು. ತಮಗೇ ಭೇದಿಯಾದಾಗ ಮಾತ್ರೆ ನುಂಗುತ್ತಿದ್ದ ಕಾರ್ಯಕರ್ತರಿಗೆ ದ್ರಾವಣದ ಮೇಲೆ ಸ್ವಂತ ನಂಬಿಕೆಯೇ ಇರಲಿಲ್ಲ. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಹೆಂಗಸರ ನಡುವೆಯೇ ಮುಗಿದುಹೋದ ವಿಷಯಕ್ಕೆ ಅವರು ಒಪ್ಪಿಗೆ ಕೊಡಲಿಲ್ಲ. ಆಮೇಲೆ ಸಂತೆ, ಶಾಲೆ, ಮಸೀದಿಗಳಲ್ಲಿ ಗಂಡಸರಿಗೆಂದೇ ಸಭೆಗಳು ನಡೆದವು.

ಮೂರನೆಯ ಕಾರಣ ಭಾಷೆಯದು, ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪಾಠ. ವೈದ್ಯರಿಗೆ ಎಲ್ಲವೂ ಭೇದಿಯೇ. ಹಳ್ಳಿಯ ತಾಯಂದಿರಿಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿದ್ದವು: ಹಾಲು ಕುಡಿಯುವ ಕೂಸಿನ ‘ದೂದ್ ಹಾಗಾ’, ತಿಂದದ್ದು ಜೀರ್ಣವಾಗದ ‘ಅಜೀರ್ಣೊ’, ಲೋಳೆ ಬೀಳುವ ‘ಆಮಾಶಾ’, ನೀರು ನೀರಾಗಿ ಹೋಗುವ ಭೀಕರ ‘ಡಾಯರಿಯಾ’. ಕಾರ್ಯಕರ್ತೆ ‘ಡಾಯರಿಯಾ’ ಎಂದರೆ ತಾಯಿ ಕೊನೆಯದನ್ನಷ್ಟೇ ಗ್ರಹಿಸುತ್ತಿದ್ದಳು. ಕಲಿತದ್ದನ್ನು ಅವಳು ಸರಿಯಾಗಿಯೇ ಪಾಲಿಸುತ್ತಿದ್ದಳು, ತಪ್ಪಿದ್ದು ಪ್ರಶ್ನೆ ಕೇಳಿದವರ ಪದ. ಅಜೀರ್ಣ, ಆಮಶಂಕೆ ಎಂದು ಬೇರೆ ಮಾಡಿ ಹೇಳುವ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. 1990ರಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಪಾಠ ನಡೆದಿತ್ತು.

2002ರಲ್ಲಿ ಬ್ರ್ಯಾಕ್ ಅಫ್ಘಾನಿಸ್ತಾನಕ್ಕೆ, 2006ರಲ್ಲಿ ಉಗಾಂಡಾ, ಟಾಂಜಾನಿಯಾಗಳಿಗೆ ಕಾಲಿಟ್ಟಿತು. ಹದಿಹರೆಯದ ಹುಡುಗಿಯರ ಸಂಜೆಯ ಕೂಟಗಳು ಉಗಾಂಡಾದಲ್ಲಿ ಒಳ್ಳೆಯ ಫಲ ಕೊಟ್ಟರೂ ಟಾಂಜಾನಿಯಾದ ಅಧ್ಯಯನದಲ್ಲಿ ಅಂಥ ಫಲ ಕಾಣಲಿಲ್ಲ. ಅಲ್ಲಿ ಕೂಟಗಳಿಗೆ ಸಂಪನ್ಮೂಲದ ಕೊರತೆಯಿತ್ತು.

ಕಡುಬಡವರಿಗೆಂದು 2002ರಲ್ಲಿ ಬಾಂಗ್ಲಾದೇಶದಲ್ಲಿ ರೂಪಿಸಿದ ಕಾರ್ಯಕ್ರಮವನ್ನು ಬೇರೆ ಸಂಸ್ಥೆಗಳೂ ಕೊಂಡೊಯ್ದವು. ಹಸು, ಆಡು ಅಥವಾ ಕೋಳಿ, ಕೆಲವು ತಿಂಗಳ ಊಟದ ಖರ್ಚು, ಸಾಕುವ ತರಬೇತಿ, ಉಳಿತಾಯ, ಎರಡು ವರ್ಷ ಮನೆಭೇಟಿ: ಎಲ್ಲವೂ ಒಂದೇ ಕಟ್ಟಿನಲ್ಲಿ. ಆರು ದೇಶಗಳ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹೆಚ್ಚಿನ ಕಡೆ ಕುಟುಂಬಗಳ ಆದಾಯ, ಊಟ, ಆಸ್ತಿ ಸುಧಾರಿಸಿದ್ದವು. ಹೊಂಡುರಾಸ್‌ನಲ್ಲಿ ಹೆಚ್ಚಿನವರು ಕೋಳಿ ಆರಿಸಿಕೊಂಡಿದ್ದರು, ರೋಗ ಬಂದು ಬಹಳಷ್ಟು ಕೋಳಿ ಸತ್ತವು.

ಭಾರತದಲ್ಲೇ ಎರಡು ಕಡೆ ಎರಡು ಫಲ. ಪಶ್ಚಿಮ ಬಂಗಾಳದ ಮುರ್ಶಿದಾಬಾದಿನಲ್ಲಿ ಕುಟುಂಬಗಳು ಮೇಲೆದ್ದವು, ವರ್ಷಗಳು ಕಳೆದ ಮೇಲೂ ಆ ಸುಧಾರಣೆ ಉಳಿಯಿತು. ಆಗ ಆಂಧ್ರದಲ್ಲಿದ್ದ ಮೇದಕ್ ಜಿಲ್ಲೆಯಲ್ಲಿ, ನೆರವು ಪಡೆದವರಿಗೂ ಪಡೆಯದವರಿಗೂ ಕೊನೆಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ತರಬೇತಿ ಅಲ್ಲಿಯೂ ನಡೆದಿತ್ತು. ಆದರೆ ಕೂಲಿ ದರ ಏರುತ್ತಿದ್ದ ಸೀಮೆ ಅದು. ಎಮ್ಮೆ ಮೇಯಿಸಲು ಹೋದ ಹೊತ್ತು ಕೂಲಿಯಿಂದ ಕಡಿತವಾಗುತ್ತಿತ್ತು. ಹಾಲಿನಿಂದ ಬಂದದ್ದು ಕೂಲಿಯಲ್ಲಿ ಹೋಗುತ್ತಿತ್ತು. ಹಲವರು ಎಮ್ಮೆ ಮಾರಿ ಸಾಲ ತೀರಿಸಿ ಕೂಲಿಗೆ ಮರಳಿದರು.