ಗ್ಯಾಸ್ ಉರಿ ಹಳದಿ ಆಗಿದೆ, ಒಲೆ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಬೆಳಗಾವಿ ಶಹಾಪುರದಲ್ಲಿ ಹಳೇ ಮನೆ. ಗ್ಯಾಸ್ ಶೆಗಡಿಯ ದೊಡ್ಡ ಬರ್ನರ್ ಈಗೀಗ ಹಳದಿ ಉರಿಯುತ್ತಿದೆ. ಪಾತ್ರೆ ತಳ ಕರಿ ಹಿಡಿಯುತ್ತದೆ, ರೊಟ್ಟಿಗೂ ಮಸಿ. ರಿಪೇರಿಯವರು ಬಂದು ಬರ್ನರ್ ಬಿಚ್ಚಿ, ಪಿನ್ ಆಡಿಸಿ ಹೋದರು. ಎರಡು ದಿನ ಸರಿಯಿತ್ತು, ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಮತ್ತೆ ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಉತ್ತರ: ಹೊಸದು ಸದ್ಯಕ್ಕೆ ಬೇಡ. ಆದರೆ ಆ ಪಿನ್ ಮಾತ್ರ ಇನ್ನೊಮ್ಮೆ ಒಲೆಯ ಹತ್ತಿರ ಬರದಂತೆ ನೋಡಿಕೊಳ್ಳಿ.

ಉರಿ ಹಳದಿ ಆದ ಕೂಡಲೇ ಗ್ಯಾಸ್ ಸರಿಯಾಗಿ ಬರುತ್ತಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಗ್ಯಾಸ್ ಬರುತ್ತಲೇ ಇದೆ. ಕಮ್ಮಿ ಬಿದ್ದಿರುವುದು ಗಾಳಿ. ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಒಂದು ಲೀಟರ್ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು, ಬ್ಯುಟೇನ್‌ಗೆ ಸುಮಾರು 31 ಲೀಟರ್. ಅದರಲ್ಲಿ ಸ್ವಲ್ಪ ಗಾಳಿ ಉರಿಯ ಸುತ್ತಮುತ್ತಲಿಂದ ಸಿಗುತ್ತದೆ. ಉಳಿದದ್ದು ಬೆಂಕಿ ತಾಗುವ ಮೊದಲೇ, ಒಳಗಿನ ಕೊಳವೆಯಲ್ಲಿ ಗ್ಯಾಸ್ ಜೊತೆ ಬೆರೆತಿರಬೇಕು. ಬೆರೆಯದಿದ್ದರೆ ಇಂಗಾಲ ಪೂರ್ತಿ ಸುಡುವುದಿಲ್ಲ, ಸಣ್ಣ ಸಣ್ಣ ಮಸಿ ಕಣವಾಗಿ ಉರಿಯಲ್ಲಿ ಕಾದು ಹೊಳೆಯುತ್ತದೆ. ನಿಮಗೆ ಹಳದಿ ಕಾಣುವುದು ಅದೇ. ಪಾತ್ರೆ ತಳಕ್ಕೆ ಅಂಟುವುದೂ ಅದೇ.

ಈ ಗಾಳಿಯನ್ನು ಒಳಗೆ ಎಳೆದುಕೊಳ್ಳಲು ಒಲೆಯಲ್ಲಿ ಫ್ಯಾನ್ ಇಲ್ಲ, ಮೋಟರ್ ಇಲ್ಲ. ರೆಗ್ಯುಲೇಟರ್ ದಾಟಿ ಬರುವ ಗ್ಯಾಸಿನ ಒತ್ತಡ ತೀರಾ ಕಡಿಮೆ, ಹೆಚ್ಚು ಕಡಿಮೆ ಒಂದು ಅಡಿ ಎತ್ತರ ನಿಂತ ನೀರು ತಳಕ್ಕೆ ಹಾಕುವಷ್ಟು. ನಾಬ್ ತಿರುಗಿಸಿದಾಗ ಅದು ಜೆಟ್ ಅನ್ನುವ ಪುಟ್ಟ ಹಿತ್ತಾಳೆ ತೂತಿನಿಂದ ಚಿಮ್ಮುತ್ತದೆ, ಚಿಮ್ಮುವ ರಭಸಕ್ಕೇ ಕೊಳವೆಯ ಬಾಯಿಯ ಹತ್ತಿರದ ಗಾಳಿಯನ್ನು ಎಳೆದುಕೊಂಡು ಬರ್ನರ್ ಕಡೆ ಓಡುತ್ತದೆ. ಇಷ್ಟೇ ಯಂತ್ರ. ಹಾಗಾಗಿ ಆ ತೂತಿನ ಅಳತೆ ಬಹಳ ಮುಖ್ಯ, ಮತ್ತು ಅದು ಒಂದು ಮಿಲಿಮೀಟರಿಗಿಂತಲೂ ಸಣ್ಣದು.

ಈಗ ಪಿನ್ ವಿಷಯ. ಹಿತ್ತಾಳೆ ಮೆತ್ತಗಿನ ಲೋಹ, ಪಿನ್ ಉಕ್ಕಿನದು. 0.7 ಮಿ.ಮೀ. ತೂತು ಪಿನ್ ತಿಕ್ಕಾಟದಿಂದ 0.8 ಆಯಿತು ಅಂದುಕೊಳ್ಳಿ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ತೂತಿನ ವಿಸ್ತೀರ್ಣ ಶೇ 30ರಷ್ಟು ಹಿಗ್ಗಿರುತ್ತದೆ, ಅಷ್ಟು ಗ್ಯಾಸ್ ಜಾಸ್ತಿ ಬರುತ್ತದೆ, ಗಾಳಿ ಮಾತ್ರ ಆ ಲೆಕ್ಕಕ್ಕೆ ಏರುವುದಿಲ್ಲ. ಬರ್ನರ್ ಬಿಚ್ಚಿ ತಟ್ಟಿದ್ದಕ್ಕೆ ಒಂದಿಷ್ಟು ಕಸ ಉದುರಿ ಎರಡು ದಿನ ಚೆನ್ನಾಗಿ ಉರಿದಿರಬೇಕು. ಅಷ್ಟರಲ್ಲಿ ಮತ್ತೆ ಕಸ ಕೂತಿತು, ತೂತು ದೊಡ್ಡದಾಗಿದ್ದು ಹಾಗೇ ಉಳಿಯಿತು. ಕೆಟ್ಟ ಜೆಟ್‌ಗೆ ಪಿನ್ ಔಷಧ ಅಲ್ಲ. ಬಿಚ್ಚಿ ಹೊಸ ಜೆಟ್ ಹಾಕಬೇಕು, ಅದೇನು ದೊಡ್ಡ ಖರ್ಚಿನದಲ್ಲ.

ಹಾಗಾದರೆ ಕಸ ಎಲ್ಲಿಂದ? ಶಹಾಪುರ, ವಡಗಾವಿ, ಖಾಸಬಾಗ ಕಡೆಯ ಮನೆಯಾದರೆ ನನ್ನ ಮೊದಲ ಅನುಮಾನ ಮಗ್ಗದ ಮೇಲೆ. ನೇಯ್ಗೆಯ ಗಲ್ಲಿಗಳಲ್ಲಿ ಗಾಳಿಯಲ್ಲೇ ನೂಲಿನ ಎಳೆ, ಹತ್ತಿಯ ಧೂಳು ಇರುತ್ತದೆ. ಒಲೆ ಗಾಳಿ ಎಳೆದುಕೊಳ್ಳುವ ಜಾಗ ಒಲೆಯ ಹೊಟ್ಟೆಯ ಕೆಳಗಿದೆ, ನಾವು ಒರೆಸುವುದು ಮೇಲೆ ಮಾತ್ರ. ಎಣ್ಣೆ ಜಿಡ್ಡಿಗೆ ಆ ಎಳೆ ಮೆತ್ತಿಕೊಂಡು ಕೊಳವೆಯ ಬಾಯಿ ಅರ್ಧ ಮುಚ್ಚಿರುತ್ತದೆ. ಇನ್ನೊಂದು ಹಾಲು. ಕುಂದಾ ಮಾಡುವ ಮನೆಗಳಲ್ಲಿ ಹಾಲು ಗಂಟೆಗಟ್ಟಲೆ ಒಲೆಯ ಮೇಲೆ, ಒಮ್ಮೆ ಉಕ್ಕಿದರೆ ಬರ್ನರ್ ತೂತಿನೊಳಗೆ ಇಳಿದು ಸುಟ್ಟು ಗಟ್ಟಿಯಾಗುತ್ತದೆ. ಜಿರಳೆ, ಜೇಡರ ಬಲೆ ಕೂಡ ಸಿಗುತ್ತವೆ, ಅದರಲ್ಲೂ ದಿನಾ ಹಚ್ಚದ ಬರ್ನರ್‌ನಲ್ಲಿ.

ಇದನ್ನು ನೀವೇ ತೆಗೆಯಬಹುದು. ರೆಗ್ಯುಲೇಟರ್ ಬಂದ್ ಮಾಡಿ, ಒಲೆ ತಣ್ಣಗಾಗಲಿ. ಬರ್ನರ್ ಕ್ಯಾಪ್ ಎತ್ತಿ. ಹಿತ್ತಾಳೆಯದಾದರೆ ಬಿಸಿ ನೀರಿಗೆ ಹುಣಸೆಹಣ್ಣು ಕಿವುಚಿ ನೆನೆಹಾಕಿ, ಹಳೇ ಬ್ರಷ್‌ನಿಂದ ತಿಕ್ಕಿ. ಕೆಳಗಿನ ಕೊಳವೆಗೆ ಬಾಟಲಿ ತೊಳೆಯುವ ಉದ್ದ ಬ್ರಷ್ ಹಾಕಿ ಎರಡೂ ಕಡೆಯಿಂದ ಎಳೆಯಿರಿ. ಎಷ್ಟು ಕಸ ಬರುತ್ತದೆ ಅಂತ ನೋಡಿ ನೀವೇ ಬೆರಗಾಗುತ್ತೀರಿ. ಪೂರ್ತಿ ಒಣಗಿಸಿ, ಆಮೇಲೆ ಕೂರಿಸಿ. ಹಸಿ ಬರ್ನರ್ ಹಚ್ಚಿದರೂ ಸ್ವಲ್ಪ ಹೊತ್ತು ಹಳದಿಯೇ ಕಾಣುತ್ತದೆ. ಕ್ಯಾಪ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯಾ ನೋಡಿ, ಸುಮ್ನೆ ಓರೆಯಾಗಿ ಕೂತಿದ್ದಕ್ಕೇ ಒಂದು ಮಗ್ಗುಲು ಹಳದಿ ಉರಿಯುವುದುಂಟು. ಜೆಟ್ ಮತ್ತು ನಾಬ್ ಒಳಗಿನ ವಾಲ್ವ್‌ಗೆ ಮಾತ್ರ ಕೈ ಹಾಕಬೇಡಿ, ಅದು ಮೆಕ್ಯಾನಿಕ್ ಕೆಲಸ. ಅವರು ಮುಗಿಸಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿಸಿ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಅಂಥವರನ್ನು ಹೊರಗೇ ನಿಲ್ಲಿಸಿ.

ಎಲ್ಲ ಹಳದಿಯೂ ರೋಗವಲ್ಲ. ಕಸ ಗುಡಿಸುವಾಗ, ಹಿಟ್ಟು ಜರಡಿ ಹಿಡಿಯುವಾಗ, ಉಪ್ಪು ನೀರು ಸಿಡಿದಾಗ ನೀಲಿ ಉರಿಯಲ್ಲಿ ಕಿತ್ತಳೆ ಕಿಡಿ ಬಂದು ಹೋದರೆ ಬಿಟ್ಟುಬಿಡಿ. ಸಿಲಿಂಡರ್ ಮುಗಿಯಲು ಬಂದಾಗಲೂ ಬಣ್ಣ ಬದಲಾಗಬಹುದು, ಪ್ರೊಪೇನ್ ಮೊದಲು ಆವಿಯಾಗಿ ತಳದಲ್ಲಿ ಬ್ಯುಟೇನ್ ಜಾಸ್ತಿ ಉಳಿದಿರುತ್ತದೆ. ಹೊಸ ಸಿಲಿಂಡರ್ ಹಾಕಿದ ಮೇಲೂ ಹಳದಿ ಹೋಗದಿದ್ದರೆ ಆಗ ಒಲೆ ನೋಡಿ. ಎಲ್ಲಾ ಬರ್ನರೂ ಒಟ್ಟಿಗೆ ಹಳದಿ ಆದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಬೇಕು. ಅದನ್ನು ಬಿಚ್ಚಿ ರಿಪೇರಿ ಮಾಡಿಸಬೇಡಿ, ಗ್ಯಾಸ್ ಏಜೆನ್ಸಿಯಲ್ಲಿ ಬದಲಿಸಿಕೊಳ್ಳಿ. ನಿಮ್ಮದು ದೊಡ್ಡ ಬರ್ನರ್ ಒಂದೇ, ಹಾಗಾಗಿ ಅಲ್ಲಿ ತಕರಾರಿಲ್ಲ.

ಇನ್ನೊಂದು ವಿಷಯ ಕೇಳಲೇಬೇಕು. ಒಲೆ ನೀವೇ ಹೊಸದಾಗಿ ಕೊಂಡದ್ದಾ, ಯಾರಿಂದಲಾದರೂ ಬಂದದ್ದಾ? ಬೆಳಗಾವಿಯಲ್ಲಿ ಈಗ ಎಷ್ಟೋ ಮನೆಗಳಿಗೆ ಪೈಪ್ ಗ್ಯಾಸ್ ಇದೆ. ಪೈಪಿನಲ್ಲಿ ಬರುವುದು ಮೀಥೇನ್. ಅಷ್ಟೇ ಅಳತೆಯ ಸಿಲಿಂಡರ್ ಗ್ಯಾಸಿಗೆ ಹೋಲಿಸಿದರೆ ಅದರ ಶಾಖ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಕನೆಕ್ಷನ್ ಕೊಡುವಾಗ ಒಲೆಗೆ ದೊಡ್ಡ ತೂತಿನ ಜೆಟ್ ಹಾಕುತ್ತಾರೆ. ಮನೆ ಬದಲಿಸುವಾಗ ಆ ಒಲೆ ತಮ್ಮನಿಗೋ ಬಾಡಿಗೆಯವರಿಗೋ ಹೋಗುತ್ತದೆ, ಅವರು ಸಿಲಿಂಡರಿಗೆ ಜೋಡಿಸುತ್ತಾರೆ, ಮೊಳದುದ್ದ ಹಳದಿ ಉರಿ ಏಳುತ್ತದೆ. ಇದು ಅಪಾಯ. ಜೆಟ್ ಬದಲಾಗುವ ತನಕ ಅದನ್ನು ಹಚ್ಚಲೇಬೇಡಿ.

ಇನ್ನು ಮನೆ. ನಮ್ಮ ಹಳೇ ಅಡುಗೆಮನೆಗಳನ್ನು ಕಟ್ಟಿದ್ದು ಕಟ್ಟಿಗೆ ಒಲೆಗೆ. ಹೊಗೆ ಹೋಗಲಿ ಅಂತ ಹಂಚಿನ ಸಂದಿ, ಮೇಲೊಂದು ಕಿಂಡಿ ಇರುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು, ಬೆಕ್ಕು ಬರುತ್ತದೆ ಅಂತ ಕಿಂಡಿ ಮುಚ್ಚಿದೆವು, ಮೇಲೆ ಸೀಲಿಂಗ್ ಹೊಡೆಸಿದೆವು, ಬೆಳಗಾವಿಯ ಮಳೆಗಾಲದಲ್ಲಿ ಇದ್ದೊಂದು ಕಿಟಕಿಯನ್ನೂ ತಿಂಗಳುಗಟ್ಟಲೆ ಹಾಕಿಟ್ಟೆವು. ಎರಡೂ ಕಡೆ ಪಕ್ಕದ ಮನೆಯ ಗೋಡೆ. ಇಂಥ ಕೋಣೆಯಲ್ಲಿ ಹಳದಿ ಉರಿ ಅಂದರೆ ಮಸಿ ಮಾತ್ರವಲ್ಲ, ಕಾರ್ಬನ್ ಮಾನಾಕ್ಸೈಡ್ ಕೂಡ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರೊಟ್ಟಿ ಬಡಿದು ಏಳುವಾಗ ದಿನಾ ತಲೆನೋವು, ತಲೆಸುತ್ತು ಬರುತ್ತಿದ್ದರೆ ಸೆಕೆಗೆ ಅಂತ ಸುಮ್ಮನಾಗಬೇಡಿ. ಕಿಂಡಿ ತೆರೆದು ಜಾಲರಿ ಹೊಡೆಸಿ. ನೆಲಮಟ್ಟದಲ್ಲೂ ಗಾಳಿಗೆ ದಾರಿ ಇರಲಿ, ಸೋರಿದ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂಡುತ್ತದೆ. ಹಳೇ ಮನೆಯ ಇಲಿಗಳಿಗೆ ರಬ್ಬರ್ ಪೈಪ್ ಅಂದರೆ ಬಲು ಪ್ರೀತಿ, ಪೈಪನ್ನೂ ಒಮ್ಮೆ ಕೈಯಾಡಿಸಿ ನೋಡಿ, ಮೇಲೆ ಅಚ್ಚಾದ ಅವಧಿ ದಾಟಿದ್ದರೆ ಬದಲಿಸಿ. ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ಅಂತಲೇ ಇರುವ ನಂಬರ್ ಅದು.

ಹೊಸ ಒಲೆ ಯಾವಾಗ? ಕೊಳವೆ ಬಿರುಕು ಬಿಟ್ಟಿದ್ದರೆ, ತಳದ ತಗಡು ತುಕ್ಕು ಹಿಡಿದು ಜೆಟ್ ನೆಟ್ಟಗೆ ನಿಲ್ಲದಿದ್ದರೆ, ಗ್ರೀಸ್ ಹಾಕಿಸಿದ ಮೇಲೂ ವಾಲ್ವ್ ಸೋರಿದರೆ. ಆಗ ಐಎಸ್ 4246 ಅಂತ ಐಎಸ್‌ಐ ಗುರುತಿರುವ ಒಲೆ ತನ್ನಿ. ಅದುವರೆಗೆ ಸ್ವಚ್ಛ ಮಾಡಿ, ದೊಡ್ಡ ಬರ್ನರ್‌ಗೆ ಜೆಟ್ ಒಂದನ್ನು ಹಾಕಿಸಿ. ಕ್ಯಾಪ್ ಸವೆದಿದ್ದರೆ ಹಳೇದನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಬಾಯಿಮಾತಿನ ಅಳತೆಗೆ ತಂದ ಕ್ಯಾಪ್ ಕೂರುವುದಿಲ್ಲ.